ಡಯಾಲಿಸಿಸ್ ಮುಗಿಸಿ ಬಂದ ಮೇಲೆ ಇಡೀ ಸಂಜೆ ಹಾಸಿಗೆಯಲ್ಲೇ. ನಿಮಗೂ ಹೀಗೇನಾ?

ನವನಗರದವ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾನು ವಾರಕ್ಕೆ 3 ಸಲ ಡಯಾಲಿಸಿಸ್‌ಗೆ ಹೋಗುವವನು. ಮಂಗಳವಾರ, ಗುರುವಾರ, ಶನಿವಾರ, ಮಧ್ಯಾಹ್ನದ ಪಾಳಿ. ನವನಗರದಲ್ಲಿ ಸಣ್ಣ ಝೆರಾಕ್ಸ್ ಅಂಗಡಿ ಇದೆ. ಆ ಮೂರು ದಿನ ಮಧ್ಯಾಹ್ನದ ಮೇಲೆ ಷಟರ್ ಎಳೆಯಲೇಬೇಕು.

ಮಷಿನ್ ಪಕ್ಕದಲ್ಲಿ 4 ಗಂಟೆ ಮಲಗೋದು ನನಗೆ ದೊಡ್ಡ ಕಷ್ಟ ಅಲ್ಲ. ಮೊಬೈಲ್ ಇದೆ, ಆಚೆ ಈಚೆ ಬೆಡ್‌ನವರು ಈಗ ಗೆಳೆಯರಾಗಿದ್ದಾರೆ. ಕಷ್ಟ ಶುರುವಾಗೋದು ಸೂಜಿ ತೆಗೆದ ಮೇಲೆ. ಹತ್ತಿ ಒತ್ತಿ ಹಿಡಿದು ರಕ್ತ ನಿಂತಿತು ಅಂತ ಎದ್ದರೆ ಕಾಲಲ್ಲಿ ಜೀವವೇ ಇರೋದಿಲ್ಲ. ಮನೆಗೆ ಬಂದು ಬಿದ್ದುಕೊಂಡರೆ ಮರುದಿನ ಬೆಳಿಗ್ಗೆಯೇ ಎದ್ದೇಳೋದು. ಮಗಳು ಹೋಂವರ್ಕ್ ಹಿಡಿದು ಬಂದರೆ "ನಾಳೆ ನೋಡ್ತೀನಿ" ಅನ್ನೋದು ರೂಢಿ ಆಗಿದೆ. ಅವಳು ಈಗ ಕೇಳೋದನ್ನೇ ಬಿಟ್ಟಿದ್ದಾಳೆ.

ಡಾಕ್ಟರ್‌ಗೆ ಹೇಳಿದರೆ ರಿಪೋರ್ಟ್ ತಿರುವಿ "ಎಲ್ಲ ಸರಿ ಇದೆಯಲ್ಲ" ಅನ್ನುತ್ತಾರೆ. ಹಿಮೋಗ್ಲೋಬಿನ್ 10ರ ಮೇಲಿದೆ, ಪೊಟ್ಯಾಸಿಯಂ ಹದದಲ್ಲಿದೆ. ಹಾಗಾದರೆ ಈ ಸುಸ್ತು ಎಲ್ಲಿಂದ ಬರ್ತಿದೆ?

ಯಾವ ಆಸ್ಪತ್ರೆ ಒಳ್ಳೆಯದು, ಯಾವ ಔಷಧಿ ಒಳ್ಳೆಯದು ಅಂತ ಕೇಳ್ತಿಲ್ಲ. ಡಯಾಲಿಸಿಸ್ ದಿನ ಸಂಜೆ ನೀವು ಹೇಗಿರುತ್ತೀರಿ, ಏನು ಮಾಡಿದಾಗ ಸ್ವಲ್ಪ ಹಗುರ ಆಯಿತು, ಅಷ್ಟು ಹೇಳಿ. ಕೆಲಸ, ಊಟ, ಓಡಾಟ ಎಲ್ಲದರ ಬಗ್ಗೆಯೂ ಬರೆಯಬಹುದು.

ಘಟಪ್ರಭಾ (ಗೋಕಾಕ ಕಡೆ)

ಹೂಂ, ಹೀಗೇನೇ. ನಾನು ಟೀಚರ್. ಬೆಳಿಗ್ಗೆ ಪಾಳಿಯಲ್ಲಿ ಡಯಾಲಿಸಿಸ್ ಆದ ದಿನ ರಜೆ ಹಾಕಲೇಬೇಕು. ಮರುದಿನ ಮೊದಲ ಪಿರಿಯಡ್‌ನಲ್ಲೂ ಬೋರ್ಡ್ ಮೇಲೆ ಎರಡು ಸಾಲು ಬರೆದು ಕುರ್ಚಿ ಹುಡುಕ್ತೀನಿ.

ಒಂದು ವಿಷಯ ಹೇಳ್ತೀನಿ, ನಿಮಗೆ ಸಮಾಧಾನ ಆಗಬಹುದು. ಡಯಾಲಿಸಿಸ್ ಬಗ್ಗೆ ಸಂಶೋಧನೆ ಮಾಡುವವರು ಏನನ್ನು ಅಳೆಯಬೇಕು ಅಂತ ತೀರ್ಮಾನಿಸೋಕೆ ಸಾಂಗ್ ಅಂತ ಒಂದು ಅಂತರರಾಷ್ಟ್ರೀಯ ಪ್ರಯತ್ನ ನಡೆದಿದೆ. ಬರೀ ಡಾಕ್ಟರ್‌ಗಳನ್ನಲ್ಲ, ರೋಗಿಗಳನ್ನೂ ಮನೆಯವರನ್ನೂ ಕೂರಿಸಿಕೊಂಡು ಕೇಳಿದರು. ಕೊನೆಗೆ ಉಳಿದದ್ದು ನಾಲ್ಕು: ಸುಸ್ತು, ಹೃದಯದ ತೊಂದರೆ, ರಕ್ತ ತೆಗೆಯುವ ದಾರಿ ಅಂದರೆ ಫಿಸ್ಟುಲಾ (ಕೈಯಲ್ಲಿ ಅಪಧಮನಿಗೆ ಅಭಿಧಮನಿ ಜೋಡಿಸಿದ್ದು) ಅಥವಾ ಟ್ಯೂಬ್, ಮತ್ತು ಸಾವು. ನೋಡಿ, ಸಾವಿನ ಸಾಲಿನಲ್ಲೇ ಸುಸ್ತು ಕೂತಿದೆ. ಕಿಡ್ನಿ ಕೆಲಸ ನೋಡೋಕೆ ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಆ ಪಟ್ಟಿಯಲ್ಲೇ ಇಲ್ಲ. ಅಂದಮೇಲೆ ನಿಮ್ಮ ಪ್ರಶ್ನೆ ಸಣ್ಣದಲ್ಲ. "ಎಲ್ಲರಿಗೂ ಇರೋದೇ" ಅಂತ ಯಾರಾದರೂ ತಳ್ಳಿಹಾಕಿದರೆ ಒಪ್ಪಬೇಡಿ.

ನನಗೆ ಸ್ವಲ್ಪ ಉಪಯೋಗ ಆಗಿದ್ದು ಎರಡು. ಒಂದು, ಮನೆಗೆ ಬಂದ ಕೂಡಲೇ ಮಲಗೋದು ಬಿಟ್ಟೆ. ಏನಾದರೂ ತಿಂದು, ಅರ್ಧ ಗಂಟೆ ಅಂಗಳದಲ್ಲಿ ಕೂತು, ಆಮೇಲೆ ಮಲಗ್ತೀನಿ. ಎರಡು, ಡಯಾಲಿಸಿಸ್ ಇಲ್ಲದ ದಿನ ಸಂಜೆ ನಡೆಯೋದು. ಮೊದಮೊದಲು ನಮ್ಮ ಓಣಿಯ ತುದಿ ಮುಟ್ಟೋದೇ ಸಾಕಾಗ್ತಿತ್ತು. ಈಗ ಹೊಳೆ ಕಡೆಗೂ ಹೋಗಿ ಬರ್ತೀನಿ.

ಕಡ್ಲಿ_ಹೊಲ (ಸವದತ್ತಿ)

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಸಾಹೇಬರೇ. ಹಿಂದೆ ಕಿಡ್ನಿ ಹೋದರೆ ಮನುಷ್ಯನೇ ಹೋದಂತೆ ಇತ್ತು. ಈಗ ಜೀವ ಉಳಿದಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಆಗ್ತಿದೆ. ಒಂದು ಸಂಜೆ ಮಲಗಿದರೆ ಏನಾಯಿತು?

ನವನಗರದವ (ಬಾಗಲಕೋಟೆ)

@ಕಡ್ಲಿ_ಹೊಲ ಒಂದು ಸಂಜೆ ಆದರೆ ನಾನೂ ಸುಮ್ಮನಿರ್ತಿದ್ದೆ. ವಾರಕ್ಕೆ ಮೂರು, ಅದೂ ಬದುಕಿರುವ ತನಕ. ಜೀವ ಉಳಿದಿದ್ದಕ್ಕೆ ಋಣಿ, ಅದರಲ್ಲಿ ಎರಡು ಮಾತಿಲ್ಲ. ಉಳಿದ ಜೀವ ಅಂಗಡಿಗೂ ಮನೆಗೂ ಸ್ವಲ್ಪ ಉಪಯೋಗಕ್ಕೆ ಬರಲಿ ಅಂತ ಕೇಳ್ತಿದ್ದೀನಿ.

ಮಷಿನ್_ಬದಿಯವ (ವಿಜಯಪುರ)

ನಾನು ಡಯಾಲಿಸಿಸ್ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಹಾಗಾಗಿ ನಾನು ಹೇಳೋದನ್ನು ನಿಮ್ಮ ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರ್) ಹತ್ತಿರ ಕೇಳಿ ನೋಡಿಯೇ ಪಾಲಿಸಿ.

@ನವನಗರದವ, ನಿಮಗೆ ಒಂದೇ ಪ್ರಶ್ನೆ. ಎರಡು ಡಯಾಲಿಸಿಸ್ ನಡುವೆ ತೂಕ ಎಷ್ಟು ಏರ್ತಿದೆ? ಸುಸ್ತಿಗೆ ಹತ್ತು ಕಾರಣ ಇರಬಹುದು. ರಕ್ತ ಕಡಿಮೆ ಇರಬಹುದು, ನಿದ್ದೆ ಇಲ್ಲದಿರಬಹುದು, ಹೃದಯ ಸೋತಿರಬಹುದು, ಮನಸ್ಸು ಕುಗ್ಗಿರಬಹುದು. ಆದರೆ ನಾನು ದಿನಾ ನೋಡೋದರಲ್ಲಿ ಜಾಸ್ತಿ ಜನರದ್ದು ನೀರಿನ ಲೆಕ್ಕ.

ಬಿಡಿಸಿ ಹೇಳ್ತೀನಿ. ಮೂತ್ರ ನಿಂತವರಿಗೆ ಕುಡಿದ ನೀರೆಲ್ಲ ಒಳಗೇ ನಿಲ್ಲುತ್ತದೆ. ಅದನ್ನು ನಾವು 4 ಗಂಟೆಯಲ್ಲಿ ರಕ್ತದಿಂದಲೇ ತೆಗೀಬೇಕು. ರಕ್ತನಾಳದಿಂದ ನೀರು ಹೋದಷ್ಟು ಬೇಗ ಮಾಂಸಖಂಡದಿಂದ, ಊದಿದ ಕಾಲಿನಿಂದ ನೀರು ಒಳಗೆ ಬಂದು ತುಂಬಿಕೊಳ್ಳೋದಿಲ್ಲ. ಆಗ ಬಿಪಿ ಇಳಿಯುತ್ತದೆ, ಆಕಳಿಕೆ ಬರುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಬಿಪಿ ಇಳಿದಾಗೆಲ್ಲ ಹೃದಯಕ್ಕೂ ಮೆದುಳಿಗೂ ರಕ್ತ ಕಡಿಮೆ. ಅದರ ಬಾಕಿ ನೀವು ಸಂಜೆ ಹಾಸಿಗೆಯಲ್ಲಿ ತೀರಿಸ್ತೀರಿ.

ಸಾಮಾನ್ಯವಾಗಿ ತೆಗೆಯುವ ನೀರು ಗಂಟೆಗೆ ಕಿಲೋ ತೂಕಕ್ಕೆ 13 ಮಿ.ಲೀ. ದಾಟಬಾರದು ಅಂತ ನೋಡ್ತಾರೆ. 55 ಕಿಲೋ ಮನುಷ್ಯನಿಗೆ ಅದು ಗಂಟೆಗೆ ಸುಮಾರು 700 ಮಿ.ಲೀ., 4 ಗಂಟೆಗೆ 2.8 ಲೀಟರ್. ಅವರು 4 ಕಿಲೋ ಏರಿಸಿಕೊಂಡು ಬಂದು "ಎಲ್ಲಾ ತೆಗೀರಿ, ಬೇಗ ತೆಗೀರಿ, ಬಸ್ಸಿದೆ" ಅಂದರೆ ನಾವೇನು ಮಾಡೋಣ? ತೆಗೆದರೆ ಬಿಪಿ ಬೀಳುತ್ತದೆ, ಬಿಟ್ಟರೆ ರಾತ್ರಿ ಉಸಿರು ಕಟ್ಟುತ್ತದೆ.

ಇನ್ನೊಂದು ಮಾತು. ಎಲ್ಲರೂ ರೋಗಿಗೆ "ನೀರು ಕುಡಿಬೇಡ" ಅಂತ ಬಯ್ತಾರೆ. ಬಯ್ಯಬೇಕಾದ್ದು ಉಪ್ಪಿಗೆ. ಹೆಚ್ಚುಕಡಿಮೆ 8 ಗ್ರಾಂ ಉಪ್ಪು ಒಳಗೆ ಹೋದರೆ ಅದಕ್ಕೆ ಜೋಡಿಯಾಗಿ ದೇಹ 1 ಲೀಟರ್ ನೀರು ಬೇಡುತ್ತದೆ. ಉಪ್ಪು ತಿನ್ನಿಸಿ ನೀರು ಕೊಡದೆ ಕೂರಿಸಿದರೆ ಅದು ಹಿಂಸೆ. ಶುಗರ್ ಇರುವವರಿಗೆ ಶುಗರ್ ಏರಿದರೂ ದಾಹ ಏರುತ್ತದೆ, ಅದನ್ನೂ ನೋಡಿಸಿ.

ಡಾಕ್ಟರ್ ಹತ್ತಿರ ಎರಡು ವಿಷಯ ಕೇಳಿ. ಡ್ರೈ ವೇಟ್, ಅಂದರೆ ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ, ಹೊಸದಾಗಿ ನೋಡಬೇಕಾ? ನೀವು ದಪ್ಪ ಆಗಿದ್ದು ಹಳೇ ಡ್ರೈ ವೇಟ್‌ಗೇ ಇಳಿಸ್ತಿದ್ದರೆ ಪ್ರತಿ ಸಲ ದೇಹ ಒಣಗ್ತದೆ. ಇನ್ನೊಂದು, ಮಷಿನ್‌ನಲ್ಲಿ ಹರಿಯುವ ದ್ರಾವಣದ ಉಷ್ಣತೆ ಅರ್ಧ, ಒಂದು ಡಿಗ್ರಿ ಇಳಿಸಬಹುದಾ? ಸ್ವಲ್ಪ ಚಳಿ ಅನ್ನಿಸಬಹುದು, ಆದರೆ ಎಷ್ಟೋ ಜನರಿಗೆ ಬಿಪಿ ಬೀಳದೆ ನಿಲ್ಲುತ್ತದೆ. ಒಂದು ಹೊದಿಕೆ ತಂದುಕೊಂಡರೆ ಆಯಿತು.

ನವನಗರದವ (ಬಾಗಲಕೋಟೆ)

ಹೊದಿಕೆಯ ಮಾತು ನನಗೆ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್. ತೂಕ ಮಂಗಳವಾರ 3.5 ಕಿಲೋ ಏರಿರುತ್ತದೆ, ಗುರುವಾರ ಶನಿವಾರ ಎರಡೂವರೆ ಹತ್ತಿರ. ಲೆಕ್ಕ ಹಾಕಿದರೆ ಗುರುವಾರ ರಾತ್ರಿ ನಾನು ಎದ್ದು ಕೂತು ಟಿವಿ ನೋಡೋದುಂಟು. ಮಂಗಳವಾರ ರಾತ್ರಿ ಊಟ ಮಾಡಿದ್ದೂ ನೆನಪಿರೋದಿಲ್ಲ. ಇಷ್ಟು ದಿನ ಎರಡನ್ನೂ ಸೇರಿಸಿ ನೋಡಿರಲಿಲ್ಲ.

ಉಪ್ಪಿನ ಬಗ್ಗೆ: ನಮ್ಮ ಮನೆಯಲ್ಲಿ ಪಲ್ಯಕ್ಕೆ ಉಪ್ಪು ಕಡಿಮೆಯೇ. ಆದರೆ ತಟ್ಟೆಯ ಅಂಚಿನಲ್ಲಿ ಕೂರೋದು ಯಾರು? ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೆಣಸಿನಕಾಯಿ ಹಿಂಡಿ, ಮಾವಿನಕಾಯಿ ಉಪ್ಪಿನಕಾಯಿ. ಮೇಲೆ ಒಂದು ಹಪ್ಪಳ. ಉಪ್ಪಿಲ್ಲದ ಪಲ್ಯ ರುಚಿ ಇಲ್ಲ ಅಂತ ಇವುಗಳನ್ನೇ ಜಾಸ್ತಿ ಹಚ್ಚಿಕೊಂಡು ತಿನ್ನೋದು.

ಅಂಗಡಿಯಲ್ಲಿ ಲೋ ಸೋಡಿಯಂ ಉಪ್ಪು ಸಿಗ್ತದೆ, ಅದನ್ನು ತರಬಹುದಾ?

ಮಷಿನ್_ಬದಿಯವ (ವಿಜಯಪುರ)

ಬೇಡವೇ ಬೇಡ! ಅದರಲ್ಲಿ ಸೋಡಿಯಂ ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಬಿಪಿಯವರಿಗೆ ಮಾಡಿದ್ದು ಅದು. ನಮ್ಮವರಿಗೆ ಹೃದಯ ನಿಲ್ಲಿಸುವ ಸಾಮಾನು. ಸಾದಾ ಉಪ್ಪೇ ಕಡಿಮೆ ಹಾಕಿ. ಹುಳಿ, ಜೀರಿಗೆ, ಬೆಳ್ಳುಳ್ಳಿ, ಕೊತ್ತಂಬರಿ ಇವುಗಳಿಂದ ರುಚಿ ಮಾಡಿಕೊಳ್ಳಿ. ನಮ್ಮ ಇಂಡಿ ಲಿಂಬೆ ಯಾಕಿದೆ ಮತ್ತೆ. ಪಲ್ಯದ ಮೇಲೆ ನಾಲ್ಕು ಹನಿ ಹಿಂಡಿದರೆ ಉಪ್ಪಿನ ನೆನಪು ಕಡಿಮೆ ಆಗ್ತದೆ.

ಇಂಡಿ_ಲಿಂಬೆ (ವಿಜಯಪುರ ಜಿಲ್ಲೆ)

ನನ್ನ ಹೆಸರು ಹಿಡಿದು ಕರೆದಂಗಾಯಿತು, ಹಾಗಾಗಿ ಬಂದೆ 😊

ನಾನು ರೋಗಿ ಅಲ್ಲ, ಅವ್ವನ ಜೊತೆ ಹೋಗುವ ಮಗಳು. ನಮ್ಮದು ಇಂಡಿ ತಾಲೂಕಿನ ಹಳ್ಳಿ. ಅವ್ವ ವಾರಕ್ಕೆ ಎರಡು ಸಲ ಹೋಗ್ತಾಳೆ. ಮನೆಯಿಂದ ಬಸ್‌ಸ್ಟಾಪಿಗೆ ಗಾಡಿ, ಅಲ್ಲಿಂದ ಬಸ್ಸು, ಅಲ್ಲಿಂದ ಆಟೋ. ನಾಲ್ಕು ಗಂಟೆಯ ಡಯಾಲಿಸಿಸ್‌ಗೆ ನಮ್ಮದು ಇಡೀ ದಿನ ಹೋಗ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಉಳೀತು, ಇಬ್ಬರೂ ಹೆಂಗಸರೇ ಆದ್ದರಿಂದ. ಅದು ದೊಡ್ಡ ಸಹಾಯ. ಆದರೆ ಬಸ್ಸಲ್ಲಿ ಸೀಟು ಸಿಗಬೇಕಲ್ಲ. ಡಯಾಲಿಸಿಸ್ ಆಗಿ ಬಂದ ಮುದುಕಿ ಕಂಬ ಹಿಡಿದು ನಿಂತಿದ್ದರೆ ಯಾರಿಗೂ ಗೊತ್ತಾಗೋದಿಲ್ಲ. ನಾನೇ ಬಾಯಿಬಿಟ್ಟು ಕೇಳ್ತೀನಿ: "ಅಣ್ಣಾ, ನಮ್ಮವ್ವಗೆ ಈಗ ರಕ್ತ ಶುದ್ಧಿ ಮಾಡಿಸಿಕೊಂಡು ಬಂದೀವಿ, ಒಂಚೂರು ಏಳ್ರಿ." ಕೇಳಿದರೆ ಎಲ್ಲರೂ ಏಳ್ತಾರೆ. ಕೇಳೋಕೆ ಅವ್ವನಿಗೆ ನಾಚಿಕೆ.

ದಾಹದ್ದು ದೊಡ್ಡ ಕತೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ದಾಟ್ತದೆ. ಹೊಲಕ್ಕೆ ಹೋದವರು ತಂಬಿಗೆ ಎತ್ತಿ ಗಟಗಟ ಕುಡಿಯೋದನ್ನು ನೋಡ್ತಾ ಅವ್ವ ಮುಖ ತಿರುಗಿಸಿಕೊಳ್ತಾಳೆ. ನಾನು ಮಾಡಿದ್ದು ಇಷ್ಟು. ಬೆಳಿಗ್ಗೆ ಒಂದು ಬಾಟಲಿಯಲ್ಲಿ ಆ ದಿನದ ನೀರು ಅಳೆದು ಇಡ್ತೀನಿ. ಡಾಕ್ಟರ್ ಹೇಳಿದ್ದು ದಿನದ ಮೂತ್ರ ಎಷ್ಟೋ ಅಷ್ಟು, ಜೊತೆಗೆ ಅರ್ಧ ಲೀಟರ್. ಚಹಾ, ಮಜ್ಜಿಗೆ, ಸಾರು ಕೊಟ್ಟಾಗ ಅಷ್ಟನ್ನು ಬಾಟಲಿಯಿಂದ ಗಿಡಕ್ಕೆ ಸುರೀತೀನಿ. ದೊಡ್ಡ ಲೋಟ ತೆಗೆದಿಟ್ಟು ದೇವರ ಮುಂದಿನ ಸಣ್ಣ ಬೆಳ್ಳಿ ಬಟ್ಟಲಲ್ಲಿ ಕೊಡ್ತೀನಿ. "ನನ್ನನ್ನೇ ದೇವರು ಮಾಡಿಬಿಟ್ಟೆ" ಅಂತ ನಗ್ತಾಳೆ. ಬಾಯಿ ಒಣಗಿದಾಗ ಮುಕ್ಕಳಿಸಿ ಉಗುಳೋದು, ಫ್ರಿಜ್‌ನ ಸಣ್ಣ ಐಸ್ ತುಂಡು ಚೀಪೋದು. ಐಸ್ ಕೂಡ ಲೆಕ್ಕಕ್ಕೇ ಸೇರಬೇಕು ಅನ್ನೋದು ಮರೀಬೇಡಿ.

ನನ್ನ ಪ್ರಶ್ನೆ: ವಾರಕ್ಕೆ ಎರಡು ಸಾಕಾ? ನಮ್ಮ ಸೆಂಟರ್‌ನಲ್ಲಿ ಎರಡೇ ಸಿಗೋದು ಅಂದರು. ಬೆಡ್ ಖಾಲಿ ಇಲ್ಲವಂತೆ.

ಮಷಿನ್_ಬದಿಯವ (ವಿಜಯಪುರ)

ಅಕ್ಕಾ, ನೇರವಾಗಿ ಹೇಳ್ತೀನಿ. ಮೂತ್ರ ಚೆನ್ನಾಗಿ ಹೋಗ್ತಿರುವವರಿಗೆ ಸ್ವಲ್ಪ ಕಾಲ ಎರಡು ನಡೀತದೆ, ಅದೂ ಡಾಕ್ಟರ್ ಪರೀಕ್ಷೆ ಮಾಡಿ ಹೇಳಿದರೆ. ಮೂತ್ರ ನಿಂತವರಿಗೆ ವಾರಕ್ಕೆ 3 ಸಲ, ತಲಾ 4 ಗಂಟೆ. ಇದು ಜಗತ್ತಿನ ಹೆಚ್ಚಿನ ಕಡೆಯ ಲೆಕ್ಕ. ನಮ್ಮ ಕಡೆ ಎಷ್ಟೋ ಜನ ದೂರಕ್ಕೆ, ದುಡ್ಡಿಗೆ, ಬೆಡ್ಡಿಗೆ ಹೆದರಿ ಎರಡಕ್ಕೆ ನಿಲ್ಲಿಸಿದ್ದಾರೆ. ಅದು ವೈದ್ಯರ ತೀರ್ಮಾನ ಅಲ್ಲ, ಪರಿಸ್ಥಿತಿಯ ತೀರ್ಮಾನ.

ದೊಡ್ಡ ಅಂತರವೇ ಅಪಾಯ. ಅಮೆರಿಕದಲ್ಲಿ 32,000ಕ್ಕೂ ಜಾಸ್ತಿ ರೋಗಿಗಳ ದಾಖಲೆ ತೆಗೆದು ನೋಡಿದ ಒಂದು ಅಧ್ಯಯನ 2011ರಲ್ಲಿ ಬಂತು. ವಾರಕ್ಕೆ ಮೂರು ಸಲ ಮಾಡಿಸಿಕೊಳ್ಳುವವರಲ್ಲೂ ಎರಡು ದಿನ ಬಿಡುವು ಬರುತ್ತದಲ್ಲ, ಅದರ ಮರುದಿನವೇ ಸಾವು, ಹೃದಯದ ತೊಂದರೆ ಜಾಸ್ತಿ ಇತ್ತು. @ನವನಗರದವ ಅವರ ಮಂಗಳವಾರ ಯಾಕೆ ಭಾರ ಅಂತ ಇದರಲ್ಲೇ ಉತ್ತರ ಇದೆ. ಭಾನುವಾರ ಹಬ್ಬದ ಊಟ, ಸೋಮವಾರ ಉಳಿದಿದ್ದು, ಮಂಗಳವಾರ ನಮ್ಮ ಹತ್ತಿರ.

ನಿಮ್ಮ ಅವ್ವನಿಗೆ ಮೂತ್ರ ಎಷ್ಟು ಹೋಗ್ತಿದೆ ಅಂತ 24 ಗಂಟೆ ಹಿಡಿದು ಅಳೆದು, ಬರೆದುಕೊಂಡು ಡಾಕ್ಟರ್‌ಗೆ ತೋರಿಸಿ. ಮೂರನೇದು ಬೇಕು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೂ ಚೀಟಿಗೂ ವ್ಯತ್ಯಾಸ ಇದೆ. ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಶುರುವಾಯಿತು. ಮೊದಲು ಜಿಲ್ಲಾ ಆಸ್ಪತ್ರೆ ಮಾತ್ರ ಇತ್ತು, ಈಗ ತಾಲೂಕಿನಲ್ಲೂ ಸೆಂಟರ್‌ಗಳಿವೆ. ಹತ್ತಿರದ ಸೆಂಟರ್‌ನಲ್ಲಿ ವೇಟಿಂಗ್ ಲಿಸ್ಟ್‌ಗೆ ಹೆಸರು ಬರೆಸಿ, ವಾರವಾರ ಹೋಗಿ ಕೇಳಿ. ಕೇಳುವವರಿಗೇ ಮೊದಲು ಸಿಗೋದು, ಇದು ನಾನು ಕಣ್ಣಾರೆ ಕಂಡಿದ್ದು.

ಕೈಮಗ್ಗ (ಗುಳೇದಗುಡ್ಡ)

ನನ್ನ ಗಂಡ ಖಣ ನೇಯುವವರು. ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದಾರೆ. ಆಪರೇಷನ್ ಆದಾಗಿಂದ ಮನೆಯವರೆಲ್ಲ "ಆ ಕೈ ಎತ್ತಬೇಡ, ಆ ಕೈ ಮುಟ್ಟಬೇಡ" ಅಂತ ಹೇಳಿ ಹೇಳಿ, ಈಗ ಅವರು ಆ ಕೈಯನ್ನು ಹೊಟ್ಟೆಗೆ ಹಚ್ಚಿಕೊಂಡೇ ಕೂರ್ತಾರೆ. ಮಗ್ಗ ಮುಟ್ಟಿಲ್ಲ. ದುಡಿಮೆ ಹೋಯಿತು ಅನ್ನೋದು ಒಂದು. ಕೈಗೆ ಕೆಲಸ ಇಲ್ಲ ಅಂತ ಮನುಷ್ಯ ಮಾತೇ ಬಿಟ್ಟಿದ್ದಾರೆ, ಅದು ಜಾಸ್ತಿ ಚಿಂತೆ. ಸಂಜೆ ಹೊತ್ತು ಪಕ್ಕದ ಮನೆಯ ಮಗ್ಗದ ಸದ್ದು ಕೇಳಿದರೆ ಎದ್ದು ಒಳಗೆ ಹೋಗ್ತಾರೆ. ನೇಯಬಹುದಾ?

ಘಟಪ್ರಭಾ (ಗೋಕಾಕ ಕಡೆ)

@ಕೈಮಗ್ಗ ಅಕ್ಕಾ, ನನ್ನದೂ ಎಡಗೈ. ನಾನು ಅದೇ ಕೈಯಲ್ಲಿ ರೊಟ್ಟಿ ತಟ್ಟುತ್ತೇನೆ. ಮೊದಲು ಗಾಯ ಮಾಯಬೇಕು, ನರ ದಪ್ಪ ಆಗಬೇಕು. ಅದಕ್ಕೇ ಎರಡು ಮೂರು ತಿಂಗಳು ಬೇಕಾಗಬಹುದು. ಆಮೇಲೆ ಕೈ ಆಡಿಸೋದು ಒಳ್ಳೆಯದೇ, ನನಗೆ ರಬ್ಬರ್ ಚೆಂಡು ಹಿಸುಕು ಅಂತ ಡಾಕ್ಟರೇ ಹೇಳಿದ್ದು. ಬೇಡವಾದ್ದು ತುಂಬಿದ ಕೊಡ ಎತ್ತೋದು, ಆ ಕೈ ಮೇಲೆ ತಲೆ ಇಟ್ಟು ಮಲಗೋದು, ಬಿಪಿ ಪಟ್ಟಿ ಕಟ್ಟಿಸಿಕೊಳ್ಳೋದು, ರಕ್ತ ಕೊಡೋದು, ವಾಚ್ ಕಟ್ಟೋದು. ಮಗ್ಗದಲ್ಲಿ ಯಾವ ಕೈಗೆ ಎಷ್ಟು ಜೋರು ಬೀಳ್ತದೆ ಅಂತ ಡಾಕ್ಟರ್‌ಗೆ ಮಾಡಿ ತೋರಿಸಿ. ಅವರಿಗೆ ನೇಯೋದು ಗೊತ್ತಿರೋದಿಲ್ಲ, "ಭಾರದ ಕೆಲಸ ಬೇಡ" ಅಂತ ಸುಮ್ನೆ ಹೇಳಿಬಿಡ್ತಾರೆ.

ಹೆಂಗಸರದ್ದು ಇನ್ನೊಂದು ಇದೆ, ಯಾರೂ ಮಾತಾಡೋದಿಲ್ಲ. ಬಳೆ. ಫಿಸ್ಟುಲಾ ಕೈಗೆ ಬಿಗಿ ಬಳೆ ಬೇಡ ಅಂತಾರೆ. ನಾನು ಬಲಗೈಗೆ ತುಂಬ ಹಾಕಿ ಎಡಗೈ ಬರಿದಾಗಿ ಬಿಟ್ಟಿದ್ದೆ. ಮದುವೆ ಮನೆಯಲ್ಲಿ ಒಬ್ಬರು ನೋಡಿ ಪಿಸುಗುಟ್ಟಿದರು. ಯಾಕೆ ಅಂತ ನಿಮಗೆ ಗೊತ್ತಲ್ವಾ. ಆಮೇಲೆ ಒಂದೇ ಒಂದು ಸಡಿಲ ಬಳೆ ಹಾಕೋದು ಶುರು ಮಾಡಿದೆ, ಮಲಗುವಾಗ ತೆಗೆದಿಡ್ತೀನಿ. ಸೂಜಿ ಹಾಕಿ ಹಾಕಿ ಉಬ್ಬಿದ ಜಾಗ ಕಾಣಬಾರದು ಅಂತ ರವಿಕೆ ತೋಳು ಮೊಣಕೈ ದಾಟಿಸಿ ಹೊಲಿಸಿದೆ.

ಶಾಲೆಯಲ್ಲಿ ಮಕ್ಕಳು ಕೇಳಿದರು, "ಟೀಚರ್, ಕೈಗೆ ಏನಾಗಿದೆ?" ತೋಳು ಮಡಚಿ ಒಬ್ಬೊಬ್ಬರ ಬೆರಳನ್ನೂ ಮೆಲ್ಲಗೆ ಮೇಲಿಟ್ಟೆ. ಒಳಗೆ ಗುರ್ ಅಂತ ಹರಿಯೋದು ಗೊತ್ತಾಗ್ತದಲ್ಲ, ಅದಕ್ಕೆ ಹುಡುಗರು "ಬೆಕ್ಕು ಇದೆ ಟೀಚರ್ ಒಳಗೆ" ಅಂತ ಕೂಗಿದರು. ವಿಜ್ಞಾನದ ಪಾಠ ಅವತ್ತು ಅದೇ ಆಯಿತು, ಅಪಧಮನಿ, ಅಭಿಧಮನಿ ಎಲ್ಲ. ದೊಡ್ಡವರ ನೋಟಕ್ಕಿಂತ ಇದು ಎಷ್ಟೋ ಮೇಲು.

ಮಷಿನ್_ಬದಿಯವ (ವಿಜಯಪುರ)

ಟೀಚರ್, ತೋಳು ಉದ್ದ ಇರಲಿ, ಬಿಗಿ ಇರಬಾರದು. ಇಲಾಸ್ಟಿಕ್ ಅಂತೂ ಬೇಡ. ಆ ಗುರ್ ಅನ್ನೋದನ್ನು ದಿನಾ ಬೆಳಿಗ್ಗೆ ರಾತ್ರಿ ಬೆರಳಿಟ್ಟು ನೋಡಿ, ಎಲ್ಲರಿಗೂ ಹೇಳ್ತಿದ್ದೀನಿ. ಅದು ನಿಂತರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಬನ್ನಿ. ಬೇಗ ಬಂದರೆ ಫಿಸ್ಟುಲಾ ಉಳಿಸೋಕೆ ಅವಕಾಶ ಇರುತ್ತದೆ. ಹೋದರೆ ಮತ್ತೆ ಕುತ್ತಿಗೆಗೆ ಟ್ಯೂಬ್, ಟ್ಯೂಬ್ ಅಂದರೆ ಸೋಂಕಿನ ಭಯ, ಸ್ನಾನಕ್ಕೂ ತೊಂದರೆ.

ಕಡ್ಲಿ_ಹೊಲ (ಸವದತ್ತಿ)

ನಾನು ಮೊದಲು ಒರಟಾಗಿ ಬರೆದೆ ಅಂತ ಕೆಲವರಿಗೆ ಅನ್ನಿಸಿರಬಹುದು. ನಮ್ಮ ಅಣ್ಣನೂ ಡಯಾಲಿಸಿಸ್ ಮೇಲೆ ಇದ್ದಾನೆ. ನನ್ನ ಸಿಟ್ಟು ಬೇರೆ. ಅವನಿಗೆ ಬೇಡ ಅಂದಿದ್ದರ ಪಟ್ಟಿ ಓದಿದರೆ ಉಳಿಯೋದು ಗಾಳಿ ಮಾತ್ರ. ಬಾಳೆಹಣ್ಣು ಬೇಡ, ಎಳನೀರು ಬೇಡ, ಒಣದ್ರಾಕ್ಷಿ ಬೇಡ, ಕರದಂಟು ಬೇಡ, ಕುಂದಾ ಬೇಡ, ಶೇಂಗಾ ಹೋಳಿಗೆ ಬೇಡ. ಈಗ ಯಾರೋ ಜೋಳದ ರೊಟ್ಟಿಯೂ ಬೇಡ ಅಂದಿದ್ದಾರೆ. ಜೋಳದ ರೊಟ್ಟಿ ಬಿಟ್ಟು ನಮ್ಮ ಕಡೆಯವನು ಏನು ತಿನ್ನಬೇಕು?

ಎಳ್ಳಮಾವಾಸ್ಯೆ ಚರಗಕ್ಕೆ ಎಲ್ಲರೂ ಹೊಲಕ್ಕೆ ಹೋದೆವು. ಸಜ್ಜೆ ರೊಟ್ಟಿ, ಕಾಳುಪಲ್ಯ, ಕಡುಬು. ಅಣ್ಣ ಡಬ್ಬಿಯಲ್ಲಿ ಅನ್ನ ಸಪ್ಪೆ ಸಾರು ತಂದಿದ್ದ. ಬನ್ನಿ ಗಿಡದ ಕೆಳಗೆ ಒಬ್ಬನೇ ಕೂತು ತಿಂದ. ಚರಗ ಚೆಲ್ಲೋಕೂ ಬರಲಿಲ್ಲ. ಇದಕ್ಕೆ ಬದುಕು ಅಂತಾರಾ?

ಮಷಿನ್_ಬದಿಯವ (ವಿಜಯಪುರ)

ಯಜಮಾನರೇ, ಜೋಳದ ರೊಟ್ಟಿ ಬಿಡಿಸಿದವರು ಯಾರು? ಕಾಳು, ಜೋಳದಲ್ಲಿ ರಂಜಕ (ಫಾಸ್ಫರಸ್) ಇದೆ, ಹೌದು. ಆದರೆ ಅದರಲ್ಲಿ ದೊಡ್ಡ ಭಾಗ ನಮ್ಮ ಹೊಟ್ಟೆಗೆ ಹತ್ತೋದೇ ಇಲ್ಲ. ಕಪ್ಪು ಕೋಲಾ, ಪ್ಯಾಕೆಟ್ ತಿಂಡಿ, ಸಂಸ್ಕರಿಸಿದ ಚೀಸ್ ಇವುಗಳಲ್ಲಿ ಹಾಕಿರುವ ಫಾಸ್ಫೇಟ್ ಪೂರ್ತಿ ಅನ್ನುವಷ್ಟು ರಕ್ತಕ್ಕೆ ಹೋಗ್ತದೆ. ರೊಟ್ಟಿ ಬಿಡಿಸಿ ಬಿಸ್ಕಿಟ್ ಪ್ಯಾಕೆಟ್ ಕೊಟ್ಟರೆ ಏನು ಬಂತು? ಅಣ್ಣನ ರಕ್ತದ ರಿಪೋರ್ಟ್ ನೋಡಿ ಡಯಟಿಷಿಯನ್ ಹೇಳಲಿ, ಎಷ್ಟು ರೊಟ್ಟಿ ಅಂತ. ರಂಜಕ ಹಿಡಿಯುವ ಮಾತ್ರೆ ಇದ್ದರೆ ಅದನ್ನು ಊಟದ ಜೊತೆಗೇ ತಗೋಬೇಕು. ಊಟ ಆಗಿ ಎರಡು ತಾಸಿಗೆ ನುಂಗಿದರೆ ಅದು ಹಿಡಿಯೋದೇನನ್ನು?

ಪೊಟ್ಯಾಸಿಯಂ ವಿಷಯದಲ್ಲಿ ಮಾತ್ರ ನಾನು ಬಗ್ಗೋದಿಲ್ಲ. ಎಳನೀರು, ಒಣದ್ರಾಕ್ಷಿ, ಕರದಂಟು ದೂರ ಇರಲಿ. ಕಮರಾಕ್ಷಿ ಹಣ್ಣನ್ನಂತೂ ಮುಟ್ಟಲೇಬಾರದು, ಕಿಡ್ನಿ ಹೋದವರಿಗೆ ಅದು ಮೆದುಳಿಗೆ ವಿಷ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿ ಪಲ್ಯ ಮಾಡಿದರೆ ಪೊಟ್ಯಾಸಿಯಂ ಎಷ್ಟೋ ಇಳಿಯುತ್ತದೆ.

ಮುಂದಿನ ಚರಗಕ್ಕೆ ಮನೆಯವರೆಲ್ಲರ ಪಲ್ಯವನ್ನೇ ಹಾಗೆ ಕುದಿಸಿ, ಉಪ್ಪು ಕಡಿಮೆ ಹಾಕಿ ಮಾಡಿ. ಬೇಕಾದವರು ಮೇಲೆ ಹಾಕಿಕೊಳ್ಳಲಿ. ಅಣ್ಣ ಎಲ್ಲರ ಸಾಲಿನಲ್ಲಿ ಕೂತು ಒಂದು ರೊಟ್ಟಿ ತಿನ್ನಲಿ. ಚರಗ ಚೆಲ್ಲೋಕೆ ಯಾವ ಡಾಕ್ಟರೂ ಬೇಡ ಅಂದಿಲ್ಲ.

ಇಂಡಿ_ಲಿಂಬೆ (ವಿಜಯಪುರ ಜಿಲ್ಲೆ)

ಊಟದ ಮಾತು ಬಂತು ಅಂತ ಕೇಳ್ತೀನಿ. ಡಯಾಲಿಸಿಸ್ ಶುರು ಆಗುವ ಮುಂಚೆ ಬೇಳೆ ಕಡಿಮೆ ಮಾಡಿ ಅಂದಿದ್ದರು. ಶುರುವಾದ ಮೇಲೆ ಪ್ರೋಟೀನ್ ಜಾಸ್ತಿ ಕೊಡಿ ಅಂತಾರೆ, ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ. ಮಷಿನ್‌ನಲ್ಲಿ ಪ್ರೋಟೀನೂ ಸ್ವಲ್ಪ ಹೋಗ್ತದಂತೆ. ಮೊಟ್ಟೆಯ ಬಿಳಿ ಭಾಗ ಒಳ್ಳೆಯದು, ಅದರಲ್ಲಿ ರಂಜಕ ಕಡಿಮೆ ಅಂತ ಹೇಳಿದರು. ನಮ್ಮದು ಮೊಟ್ಟೆ ಹೊಸ್ತಿಲು ದಾಟದ ಮನೆ. ಅವ್ವ "ಸತ್ತರೂ ತಿನ್ನಲ್ಲ" ಅಂತ ಕೂತಳು. ನಾನೂ ಒತ್ತಾಯ ಮಾಡಲಿಲ್ಲ, ಇಷ್ಟು ವರ್ಷ ಪಾಲಿಸಿದ್ದನ್ನು ಈ ವಯಸ್ಸಲ್ಲಿ ಯಾಕೆ ಮುರೀಬೇಕು. ಡಯಟಿಷಿಯನ್ ಹತ್ತಿರ ಮತ್ತೆ ಹೋಗಿ, ಬೇಳೆ, ಮಡಕೆ ಕಾಳು, ಸ್ವಲ್ಪ ಪನೀರ್, ಸೋಯಾ ಇವುಗಳಲ್ಲೇ ಲೆಕ್ಕ ಬರೆಸಿಕೊಂಡು ಬಂದೆ. ನಾಲ್ಕು ತಿಂಗಳಿಂದ ಅಲ್ಬುಮಿನ್ (ರಕ್ತದಲ್ಲಿರುವ ಪ್ರೋಟೀನ್) ಇಳಿದಿಲ್ಲ. ಶಾಖಾಹಾರಿಗಳು ಹೆದರಬೇಡಿ, ಆದರೆ ನಿಮಗೆ ನೀವೇ ಅಂದಾಜು ಮಾಡಬೇಡಿ.

ಕ್ಯಾಂಪ್_ಬೆಳಗಾವಿ

ನಾನು ಈಗ ಕಿಡ್ನಿ ಕಸಿ ಮಾಡಿಸಿಕೊಂಡವನು, ಕೊಟ್ಟವಳು ಅಮ್ಮ. ಅದಕ್ಕೂ ಮುಂಚೆ ವರ್ಷಗಟ್ಟಲೆ ಡಯಾಲಿಸಿಸ್ ಮೇಲಿದ್ದೆ. ಎರಡು ಮಾತು.

ಕಸಿ ಆಗುವವರಿದ್ದರೆ ಬೇಗ ವಿಚಾರಿಸಿ. ಮನೆಯಲ್ಲಿ ಕೊಡುವವರಿದ್ದು ರಕ್ತದ ಗುಂಪು ಹೊಂದದಿದ್ದರೆ, ಅಂಥದ್ದೇ ಇನ್ನೊಂದು ಕುಟುಂಬದ ಜೊತೆ ಅದಲುಬದಲು ಮಾಡೋಕೆ ಕಾನೂನಿನಲ್ಲಿ ಅವಕಾಶ ಇದೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕಸಿಗೆ ಅನುಮತಿ ಇರುವ ಆಸ್ಪತ್ರೆಯ ಮೂಲಕ ಜೀವಸಾರ್ಥಕತೆಯಲ್ಲಿ (ದಾನವಾಗಿ ಬಂದ ಅಂಗಾಂಗ ಹಂಚುವ ರಾಜ್ಯದ ಸಂಸ್ಥೆ) ಹೆಸರು ನೋಂದಾಯಿಸಬೇಕು. ಸರತಿ ಉದ್ದ ಇರುತ್ತದೆ. ದಲ್ಲಾಳಿಗಳ ಫೋನ್ ಬಂದರೆ ಕಟ್ ಮಾಡಿ, ದುಡ್ಡಿಗೆ ಕಿಡ್ನಿ ಅನ್ನೋದು 1994ರ ಕಾಯ್ದೆಯಲ್ಲಿ ಅಪರಾಧ.

ಇನ್ನೊಂದು, ಮನಸ್ಸಿನದ್ದು. ಡಯಾಲಿಸಿಸ್‌ನಲ್ಲಿದ್ದಾಗ ನನಗೆ ಯಾವುದರಲ್ಲೂ ರುಚಿ ಇರಲಿಲ್ಲ. ಹೆಂಡತಿ ಹತ್ತಿರ ಬಂದರೂ ಗೋಡೆ ಕಡೆ ತಿರುಗಿ ಮಲಗ್ತಿದ್ದೆ. ಅದೂ ರೋಗದ ಭಾಗ ಅಂತ ಯಾರೂ ಹೇಳಿರಲಿಲ್ಲ. ಗಂಡಸರು ಇದನ್ನು ಡಾಕ್ಟರ್ ಮುಂದೆ ಹೇಳೋದೇ ಇಲ್ಲ, ಹೆಂಗಸರು ಕೇಳೋದೇ ಬೇಡ. ಹೇಳಿ ಸ್ವಾಮಿ. ಅದಕ್ಕೂ ಚಿಕಿತ್ಸೆ ಇದೆ. ಖಿನ್ನತೆಗೂ ಇದೆ, ರಾತ್ರಿ ಕಾಲು ಎಳೆಯೋದಕ್ಕೂ, ಮೈ ತುರಿಕೆಗೂ ಇದೆ. @ಕೈಮಗ್ಗ ಅಕ್ಕಾ, ನಿಮ್ಮ ಯಜಮಾನರು ಮಾತು ಬಿಟ್ಟಿದ್ದಾರೆ ಅಂದಿರಲ್ಲ, ಅದನ್ನೂ ಮುಂದಿನ ಸಲ ಡಾಕ್ಟರ್‌ಗೆ ಹೇಳಿ. ಬರೀ ಕೈ ಬಗ್ಗೆ ಕೇಳಿ ಬರಬೇಡಿ.

ನವನಗರದವ (ಬಾಗಲಕೋಟೆ)

ಸ್ವಲ್ಪ ದಿನ ಆಯಿತು, ಏನಾಯಿತು ಅಂತ ಬರೀತೀನಿ. ಡಾಕ್ಟರ್ ಹತ್ತಿರ ಡ್ರೈ ವೇಟ್ ಕೇಳಿದೆ. ನೋಡಿ ಅರ್ಧ ಕಿಲೋ ಏರಿಸಿದರು. ಉಷ್ಣತೆಯೂ ಇಳಿಸಿದ್ದಾರೆ, ನಾನು ಹೊದಿಕೆ ಸುತ್ತಿಕೊಂಡು ಮಲಗಿದರೆ ಪಕ್ಕದ ಬೆಡ್‌ನವರು "ಬಾಗಲಕೋಟೆ ಬಿಸಿಲಲ್ಲಿ ಕಂಬಳಿ" ಅಂತ ನಗ್ತಾರೆ. ಮಧ್ಯಾಹ್ನದ ಪಾಳಿ ಬಿಟ್ಟು ಬೆಳಿಗ್ಗೆ ಆರರ ಪಾಳಿ ಕೇಳಿದ್ದೀನಿ, ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಸಂಜೆ ಎರಡು ತಾಸಾದರೂ ಅಂಗಡಿ ತೆಗೀಬಹುದು.

ಭಾನುವಾರದ ಉಪ್ಪಿನಕಾಯಿ ನಿಲ್ಲಿಸಿದೆ. ಚಟ್ನಿ ಪೂರ್ತಿ ಬಿಡೋಕೆ ಆಗಲಿಲ್ಲ, ಹೆಂಡತಿ ಉಪ್ಪು ಹಾಕದೆ ಕುಟ್ಟಿದ ಗುರೆಳ್ಳು ಚಟ್ನಿಯನ್ನೇ ಒಂದು ಚಿಟಿಕೆ ಹಚ್ಚಿಕೊಳ್ತೀನಿ. ಈ ಮಂಗಳವಾರ ಏರಿದ್ದು 2.6. ಸುಸ್ತು ಹೋಗಿಲ್ಲ, ಸುಳ್ಳು ಹೇಳೋದಿಲ್ಲ. ಆದರೆ ರಾತ್ರಿ ಎಲ್ಲರ ಜೊತೆ ಕೂತು ಊಟ ಮಾಡಿದೆ. ಮಗಳ ಗಣಿತ ನೋಡೋಕೆ ಹೋದೆ, ಅವಳು ಆಗಲೇ ಮುಗಿಸಿದ್ದಳು.

ಕೈಮಗ್ಗ (ಗುಳೇದಗುಡ್ಡ)

ಡಾಕ್ಟರ್ ನೇಯಬಹುದು ಅಂದರು. ಮೊದಲು ದಿನಕ್ಕೆ ಒಂದು ತಾಸು, ಕೈ ನೋವು ಬಂದರೆ ನಿಲ್ಲಿಸಿ ಅಂತ. ಮಾತು ಬಿಟ್ಟಿದ್ದನ್ನೂ ಹೇಳಿದೆ, ಬೇರೆ ಡಾಕ್ಟರ್ ಹತ್ತಿರ ಕಳಿಸಿದ್ದಾರೆ. ಇನ್ನೂ ಹೋಗಬೇಕು.

ಇನ್ನೊಂದು ಕೇಳೋದಿತ್ತು. ಬರುವ ತಿಂಗಳು ಸೊಲ್ಲಾಪುರದಲ್ಲಿ ನಾದಿನಿ ಮಗಳ ಮದುವೆ. ನಾಲ್ಕು ದಿನ ಆಗ್ತದೆ. ಹೋಗೋದು ಬೇಡ ಅಂತಲೇ ಇದ್ದೆವು. ಆದರೆ ಇವರೇ ಈ ಸಲ "ಹೋಗೋಣ" ಅಂತಿದ್ದಾರೆ.

ಮಷಿನ್_ಬದಿಯವ (ವಿಜಯಪುರ)

ಹೋಗಿ ಬನ್ನಿ. ಸೊಲ್ಲಾಪುರ ದೊಡ್ಡ ಊರು, ಡಯಾಲಿಸಿಸ್ ಸೆಂಟರ್‌ಗಳಿವೆ. ಆದರೆ ಹೋದ ಮೇಲೆ ಹುಡುಕಬೇಡಿ. ಈಗಲೇ ಫೋನ್ ಮಾಡಿಸಿ ಒಂದು ದಿನ ಬೆಡ್ ಹಿಡಿಸಿಡಿ. ಅದು ಬೇರೆ ರಾಜ್ಯ, ಇಲ್ಲಿಯ ಕಾರ್ಡ್ ಆ ಸೆಂಟರ್‌ನಲ್ಲಿ ನಡೀತದಾ, ದುಡ್ಡು ಕಟ್ಟಬೇಕಾ ಅಂತ ಫೋನ್‌ನಲ್ಲೇ ಕೇಳಿಕೊಳ್ಳಿ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹೊಸ ರಿಪೋರ್ಟ್ ಬೇಕು, ಇಲ್ಲದೆ ಯಾರೂ ಮಷಿನ್ ಕೊಡೋದಿಲ್ಲ. ಡ್ರೈ ವೇಟ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಷ್ಟು, ಯಾವ ಡಯಾಲೈಸರ್ (ರಕ್ತ ಸೋಸುವ ಫಿಲ್ಟರ್) ಅಂತ ನಿಮ್ಮ ಟೆಕ್ನಿಷಿಯನ್ ಹತ್ತಿರ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ.

ಬಾಗಲಕೋಟೆಯಿಂದ ಸೊಲ್ಲಾಪುರದ ಕಡೆಗೆ ರೈಲೂ ಇದೆ. ಡಯಾಲಿಸಿಸ್‌ಗೆ ಅಂತ ಪ್ರಯಾಣ ಮಾಡುವ ಕಿಡ್ನಿ ರೋಗಿಗೂ ಜೊತೆಗಿರುವ ಒಬ್ಬರಿಗೂ ಸ್ಲೀಪರ್‌ನಲ್ಲಿ 75% ರಿಯಾಯಿತಿ ಇದೆ. ಅದಕ್ಕೆ ರೈಲ್ವೆಯದೇ ನಮೂನೆಯ ಪ್ರಮಾಣಪತ್ರಕ್ಕೆ ಆಸ್ಪತ್ರೆಯವರ ಸಹಿ ಬೇಕು. ಮದುವೆ ಪ್ರಯಾಣಕ್ಕೆ ಕೊಡ್ತಾರಾ ಅಂತ ಸ್ಟೇಷನ್‌ನಲ್ಲಿ ಮೊದಲೇ ವಿಚಾರಿಸಿ. ಮದುವೆ ಊಟದಲ್ಲಿ ಹಪ್ಪಳ, ಉಪ್ಪಿನಕಾಯಿ ಬಡಿಸುವವನು ಬಂದಾಗ ಎಲೆ ಮೇಲೆ ಕೈ ಅಡ್ಡ ಹಿಡೀಲಿ. ಬಲಗೈ ಹಿಡಿದರೂ ನಡೀತದೆ 😄